ಹಿತ್ತಿಲ ಬಾಗಿಲಿಗೆ ಬಂದ ಸಬ್ಸಿಡಿ ಗಾಡಿ

ನಾನು ಮೀನು ಮಾರುವವಳು. ಹಿರಿಯೂರಿನಿಂದ ಹೊಸದುರ್ಗದ ಕಡೆ ಹೋಗುವ ರಸ್ತೆಯ ಆಚೀಚಿನ ಊರುಗಳಲ್ಲಿ ನನ್ನನ್ನು ಅರಿಯದವರು ಕಡಿಮೆ, ಅರಿತಿದ್ದೇವೆ ಎಂದು ಬಾಯಿಬಿಟ್ಟು ಹೇಳುವವರು ಇನ್ನೂ ಕಡಿಮೆ. ಅದು ಯಾಕೆ ಎಂದು ಮುಂದೆ ಹೇಳುತ್ತೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬರೆದರೆ ಅಕ್ಷರ ದಪ್ಪಗಾಗುತ್ತವೆ, ಒತ್ತು ಎಲ್ಲೆಲ್ಲೋ ಕೂರುತ್ತದೆ. ತಿದ್ದುವವರು ತಿದ್ದಿಕೊಳ್ಳಲಿ. ಹೇಳಬೇಕಾದದ್ದು ಸೊಸೆಗೆ ಸರ್ಕಾರ ಕೊಟ್ಟ ಗಾಡಿಯ ವಿಷಯ.

ಗಾಡಿಗೆ ಮೊದಲು ಬುಟ್ಟಿ ಇತ್ತು. ಮೊದಲು ಗಂಡ, ಅವನು ಹೋದ ಮೇಲೆ ಮಗ, ಡ್ಯಾಮಿನ ಹಿನ್ನೀರಿನಲ್ಲಿ ತೆಪ್ಪ ಹಾಕಿಕೊಂಡು ಬಲೆ ಬಿಡುವವರು. ಬೆಳಿಗ್ಗೆ ದಡಕ್ಕೆ ಬಂದ ಮೀನಿನಲ್ಲಿ ದೊಡ್ಡದನ್ನು ಹಿರಿಯೂರಿನ ವ್ಯಾಪಾರಿ ಎತ್ತಿಕೊಂಡು ಹೋಗುತ್ತಿದ್ದ, ಉಳಿದದ್ದು ನನ್ನ ಬುಟ್ಟಿಗೆ. ತಳಕ್ಕೆ ಒದ್ದೆ ಗೋಣಿ, ಅದರ ಮೇಲೆ ಮೀನು, ಮೀನಿನ ಮೇಲೆ ಬೇವಿನ ಸೊಪ್ಪು, ಎಲ್ಲದರ ಮೇಲೆ ಹಳೇ ಸೀರೆಯ ತುಂಡು. ಬಸ್ಸಿನಲ್ಲಿ ಕಂಡಕ್ಟರ್ ಕೇಳಿದರೆ ಸೊಪ್ಪು ಕಾಣುತ್ತಿತ್ತು, ಮೂಗಿಗೆ ಬೇರೆ ಏನು ಬಂದರೂ ಅವನು ಸುಮ್ಮನಿರುತ್ತಿದ್ದ.

ನಮ್ಮ ವ್ಯಾಪಾರದಲ್ಲಿ ಮನೆಗಳು ಎರಡು ಥರ. ಒಂದು ಎದುರು ಬಾಗಿಲ ಮನೆ. ಅಲ್ಲಿ ನಾನು ಕೂಗುತ್ತೇನೆ, ಅವರು ಜಗಲಿಗೆ ಬರುತ್ತಾರೆ, ಕಿವಿರು ಎತ್ತಿ ನೋಡುತ್ತಾರೆ, ಹೋದ ಸಲ ಕೊಟ್ಟದ್ದು ಮೆತ್ತಗಿತ್ತು ಎಂದು ಬಯ್ಯುತ್ತಾರೆ, ಅರ್ಧ ದುಡ್ಡು ಕೊಟ್ಟು ಮಿಕ್ಕಿದ್ದು ಕೂಲಿ ಬಟವಾಡೆ ದಿನ ಎನ್ನುತ್ತಾರೆ. ಇನ್ನೊಂದು ಹಿತ್ತಿಲ ಬಾಗಿಲ ಮನೆ. ಆ ಮನೆಗಳಲ್ಲಿ ಮೀನು ತಿನ್ನುವುದಿಲ್ಲ. ತಿನ್ನುವುದಿಲ್ಲ ಎಂದರೆ ಊರಿಗೆ ತಿನ್ನುವುದಿಲ್ಲ. ಅಲ್ಲಿಗೆ ನಾನು ಕೂಗದೆ ಹೋಗುತ್ತೇನೆ. ದನದ ಕೊಟ್ಟಿಗೆಯ ಹತ್ತಿರ ನಿಂತು ಒಂದು ಸಲ ಕೆಮ್ಮಿದರೆ ಒಳಗಿನಿಂದ ಒಬ್ಬಳು ಬಂದು ಗೋದಲಿಯ ಅಂಚಿಗೆ ಪಾತ್ರೆ ಇಟ್ಟು ಹೋಗುತ್ತಾಳೆ. ನಾನು ಅಲ್ಲೇ ಕೂತು ಹೆರೆದು, ಕೊಯ್ದು, ಹುರುಪೆ ಕರುಳನ್ನೆಲ್ಲ ಎಲೆಯಲ್ಲಿ ಸುತ್ತಿ ಬುಟ್ಟಿಗೆ ಹಾಕಿಕೊಂಡು ಬರುತ್ತೇನೆ. ಅಲ್ಲಿ ಒಂದು ಹುರುಪೆ ಬಿದ್ದಿರಬಾರದು. ಚೌಕಾಸಿ ಇಲ್ಲ, ಸಾಲ ಇಲ್ಲ. ಯಾರಾದರೂ ಕಂಡರೆ ಹೇಳುವುದಕ್ಕೆ ಒಂದು ಮಾತು ಎಲ್ಲ ಮನೆಯಲ್ಲೂ ತಯಾರಿರುತ್ತಿತ್ತು, ಬೆಕ್ಕಿಗೆ. ಬೆಕ್ಕಿಗೆ ಒಂದೀಟು ಕೊಡು ಎನ್ನುವರು, ನಾನು ಬೆಕ್ಕಿಗೆ ಕೊಡುತ್ತಿದ್ದೆ. ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ಕೆಲವು ಬೆಕ್ಕುಗಳು ಕೆಜಿಗಟ್ಟಲೆ ತಿನ್ನುತ್ತಿದ್ದವು. ಒಂದು ಮನೆಯ ಬೆಕ್ಕಿಗೆ ತಲೆ ಆಗುತ್ತಿರಲಿಲ್ಲ, ನಡುವಿನ ತುಂಡೇ ಬೇಕು.

ನಾನು ನಗಲಿಲ್ಲ, ಯಾರ ಮುಂದೂ ಆಡಲಿಲ್ಲ. ತಿನ್ನುವುದು ಅವರಿಷ್ಟ, ಬಚ್ಚಿಡುವುದು ಅವರ ಕಷ್ಟ. ಎದುರು ಬಾಗಿಲವರು ನನಗೆ ಮಾತು ಕೊಟ್ಟರು, ಹಿತ್ತಿಲವರು ಅನ್ನ ಕೊಟ್ಟರು. ಕೈಗೆ ಬರುತ್ತಿದ್ದ ದುಡ್ಡಿನಲ್ಲಿ ಹೆಚ್ಚಿನ ಪಾಲು ಅವರದ್ದೇ.

ಹಿತ್ತಿಲ ಮನೆಗಳಲ್ಲಿ ದೊಡ್ಡದು ಎಂದರೆ ದೊಡ್ಡಮನೆಯೇ, ಊರಿನವರು ಹಾಗೇ ಕರೆಯುವುದು. ತೆಂಗಿನ ತೋಟ, ಈರುಳ್ಳಿ ಹೊಲ, ಪಡಸಾಲೆಯ ತುಂಬ ದೇವರ ಪಟ. ಯಜಮಾನರು ಮಾತಾಡಿದರೆ ಊರಿನಲ್ಲಿ ಇನ್ನೊಬ್ಬರು ಮಾತಾಡುವುದಿಲ್ಲ. ಮನೆಯ ಅಮ್ಮನಿಗೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಮೊದಲ ಸಲ ಕೊಟ್ಟಿಗೆಗೆ ಕರೆದಾಗಲೇ ಅವರು ಹೇಳಿದ್ದರು, ಯಜಮಾನರಿಗೆ ತಿಳಿದರೆ ಅವತ್ತೇ ತವರಿಗೆ ಅಟ್ಟುತ್ತಾರೆ ಎಂದು. ಆಗ ಅವರು ಚಿಕ್ಕವರು. ಈಗ ತವರಿನಲ್ಲಿ ಯಾರೂ ಉಳಿದಿಲ್ಲ, ಆದರೂ ಹೆದರಿಕೆ ಹಾಗೇ ಇತ್ತು.

ನನ್ನ ಮಂಡಿ ಕೈಕೊಟ್ಟ ಮೇಲೆ ಸೊಸೆ ಬುಟ್ಟಿಗೆ ಕೈ ಹಾಕಿದಳು. ಹೊಳಲ್ಕೆರೆ ಕಡೆಯ ಹುಡುಗಿ, ಓದಿದ್ದಾಳೆ, ಸೈಕಲ್ಲು ಬರುತ್ತಿತ್ತು. ಮೀನುಗಾರರ ಸಂಘದಲ್ಲಿ ಅವಳಿಗೆ ಒಂದು ಸುದ್ದಿ ಸಿಕ್ಕಿತು. ಮೀನು ಮಾರುವ ಹೆಂಗಸರಿಗೆ ಐಸ್ ಪೆಟ್ಟಿಗೆ ಇರುವ ಮೂರು ಗಾಲಿಯ ಮೋಟಾರು ಗಾಡಿ, ಅರ್ಧಕ್ಕಿಂತ ಹೆಚ್ಚು ಸರ್ಕಾರದ್ದೇ. ಆದರೆ ಗಾಡಿಯನ್ನು ಮೊದಲು ನಾವೇ ಕೊಳ್ಳಬೇಕು. ಆಫೀಸರು ಬಂದು ನೋಡಿ, ಫೋಟೊ ಹಿಡಿದುಕೊಂಡು ಹೋದ ಮೇಲೆ ಸಬ್ಸಿಡಿ ಖಾತೆಗೆ ಬೀಳುತ್ತದೆ. ಅವಳು ತನ್ನ ಸರವನ್ನು ಬ್ಯಾಂಕಿನಲ್ಲಿ ಇಡುತ್ತೇನೆ ಎಂದಳು. ಅವಳ ತಾಯಿಯ ಸರ ಅದು. ತಾಯಿ ತೀರಿಕೊಂಡಾಗ ಅಣ್ಣಂದಿರ ಜೊತೆ ಜಗಳಾಡಿ ತಂದದ್ದು. ಅದು ಹರಾಜಾದರೆ ಮತ್ತೆ ಮಾಡಿಸಿಕೊಡುವವರು ಯಾರೂ ಇಲ್ಲ. ನಾನು ಬೇಡ ಎಂದೆ.

"ಸರ್ಕಾರ ಕೊಡಾದು ಕೊಡುತ್ತೆ ಕಣೆ. ಯಾವಾಗ ಅಂತ ಅದಕ್ಕೇ ಗೊತ್ತಿರಲ್ಲ" ಎಂದೆ.

"ಅಷ್ಟೊತ್ತಿಗೆ ನಿಮ್ಮ ಮಂಡಿ ಇರುತ್ತಾ ಅತ್ತೆ?" ಎಂದಳು.

ಸರ ಬ್ಯಾಂಕಿಗೆ ಹೋಯಿತು.

ಗಾಡಿ ಕೊಳ್ಳುವ ಮೊದಲು ಚಿತ್ರದುರ್ಗದಲ್ಲಿ ಒಂದು ದಿನದ ತರಬೇತಿ ಇತ್ತು. ಸೊಸೆಯ ಜೊತೆ ನಾನೂ ಹೋದೆ, ಊಟ ಕೊಡುತ್ತಾರೆ ಎಂದಿದ್ದರು. ಒಬ್ಬ ಆಫೀಸರು, ನಮ್ಮ ತಾಲ್ಲೂಕು ನೋಡಿಕೊಳ್ಳುವವನೇ, ಚಿಕ್ಕ ವಯಸ್ಸಿನವನು, ಐಸಿನ ವಿಷಯ ಹೇಳಿದ. ಮೀನು ಎಷ್ಟೋ ಐಸೂ ಅಷ್ಟೇ ಇರಬೇಕು, ಬಿಸಿಲಿಗೆ ಇಟ್ಟರೆ ಏನಾಗುತ್ತದೆ, ಹೊಟ್ಟೆ ಮೊದಲು ಕೆಡುತ್ತದೆ, ಎಲ್ಲ ಹೇಳಿದ. ಸರಿಯಾಗೇ ಹೇಳಿದ, ಚೆನ್ನಾಗೇ ಹೇಳಿದ. ಆಮೇಲೆ ಗೋಡೆಯ ಮೇಲೆ ಗಾಡಿಯ ಚಿತ್ರ ತೋರಿಸಿದ. ಪೆಟ್ಟಿಗೆಯ ಎರಡೂ ಕಡೆ ದೊಡ್ಡ ಮೀನು, ಅದರ ಕೆಳಗೆ ಯೋಜನೆಯ ಹೆಸರು, ಅದರ ಕೆಳಗೆ ಗಾಡಿ ಪಡೆದವರ ಹೆಸರು. ನಾನು ಎದ್ದು ನಿಂತು ಮೀನಿನ ಚಿತ್ರ ಇಲ್ಲದ ಪೆಟ್ಟಿಗೆ ಸಿಗುವುದಿಲ್ಲವೇ ಎಂದು ಕೇಳಿದೆ. ಕೂತಿದ್ದವರು ನಕ್ಕರು. ಅವನು ನಗಲಿಲ್ಲ. ಯಾಕಜ್ಜಿ ಎಂದು ಕೇಳಿದ.

ಯಾಕೆ ಎಂದು ಹೇಗೆ ಹೇಳುವುದು. ಅಷ್ಟು ಊರುಗಳ ಜನ ಕೂತ ಕಡೆ ಹಿತ್ತಿಲ ಬಾಗಿಲುಗಳ ಸುದ್ದಿ ಎತ್ತುವಂತಿಲ್ಲ. ಆ ಗುಟ್ಟು ನನ್ನದಲ್ಲ, ನಾನು ಅದನ್ನು ಹೊರುವವಳು ಅಷ್ಟೆ. ಏನಿಲ್ಲ ಎಂದು ಕೂತೆ. ಚಿತ್ರ ಇರಲೇಬೇಕು, ಅಳಿಸಬಾರದು, ಮುಚ್ಚಬಾರದು, ಅದು ನಿಯಮ ಎಂದು ಅವನು ಸಮಾಧಾನವಾಗಿ ಹೇಳಿದ. ಮುದುಕಿಗೆ ಅರ್ಥವಾಗಲಿಲ್ಲ ಎಂದುಕೊಂಡಿರಬೇಕು. ನಮ್ಮ ಹತ್ತಿರ ಐಸ್ ಇಲ್ಲ ಎಂಬುದು ಸರ್ಕಾರಕ್ಕೆ ತಿಳಿದಿತ್ತು. ಸೀರೆಯ ತುಂಡಿನಲ್ಲಿ ನಮ್ಮ ವ್ಯಾಪಾರ ಇದೆ ಎಂಬುದು ತಿಳಿದಿರಲಿಲ್ಲ, ತಿಳಿಯುವುದಕ್ಕೆ ದಾರಿಯೂ ಇರಲಿಲ್ಲ. ಹೇಳಬೇಕಾದವರೆಲ್ಲ ಬಾಯಿ ಮುಚ್ಚಿಕೊಂಡಿದ್ದವರೇ.

ಗಾಡಿ ಬಂತು. ನೀಲಿ ಪೆಟ್ಟಿಗೆ, ಅದರ ಮೇಲೆ ಕರುವಿನಷ್ಟು ಉದ್ದದ ಕೆಂಪು ಮೀನು. ನಮ್ಮ ಯಾವ ಕೆರೆಯಲ್ಲೂ ಅಂಥ ಮೀನು ಇಲ್ಲ. ಸಮುದ್ರದ್ದಿರಬೇಕು. ಸೊಸೆ ತನ್ನ ಹೆಸರಿನ ಮೇಲೆ ಬೆರಳಾಡಿಸಿ ನೋಡಿದಳು. ರೇಷನ್ ಕಾರ್ಡು ಬಿಟ್ಟರೆ ಅವಳ ಹೆಸರು ಎಲ್ಲೂ ಬರೆದಿರಲಿಲ್ಲ, ಅದರಲ್ಲೂ ತಪ್ಪಾಗಿತ್ತು. ಇಲ್ಲಿ ಸರಿಯಾಗಿತ್ತು.

ಎದುರು ಬಾಗಿಲವರಿಗೆ ಖುಷಿಯಾಯಿತು. ಮೀನು ಗಟ್ಟಿಯಾಗಿರುತ್ತಿತ್ತು, ಬಯ್ಯಲು ಕಾರಣ ಸಿಗದೆ ಐಸಿನ ತೂಕವನ್ನೂ ಹಾಕುತ್ತೀಯ ಎಂದು ಬಯ್ದರು. ಹಿತ್ತಿಲ ಬಾಗಿಲುಗಳು ಮುಚ್ಚಿದವು. ಸೊಸೆ ಹಿಂದಿನ ಓಣಿಯಲ್ಲೇ ಗಾಡಿ ನಿಲ್ಲಿಸಿದರೂ ಗಾಡಿಯ ಸದ್ದಿಗೆ ಊರೆಲ್ಲ ಕತ್ತು ತಿರುಗಿಸುತ್ತಿತ್ತು. ಕರುವಿನಷ್ಟು ಮೀನು ಕೊಟ್ಟಿಗೆಯ ಮುಂದೆ ನಿಂತರೆ ಯಾವ ಬೆಕ್ಕಿನ ಹೆಸರು ಹೇಳಿ ಬಚಾವಾಗುವುದು. ಒಂದು ಮನೆಯಲ್ಲಿ ಆಕೆ ಒಳಗೇ ಕೂತು, ಮನೆಯಲ್ಲಿ ಯಾರೂ ಇಲ್ಲ ಎಂದು ತಾನೇ ಕೂಗಿ ಹೇಳಿದಳಂತೆ. ಸೊಸೆ ಬಂದು ನನಗೆ ಅದನ್ನು ಹೇಳಿ ನಕ್ಕಳು. ಆಮೇಲೆ ಉಳಿದ ಮೀನನ್ನು ಎಣಿಸಿದಳು. ದಿನಾ ಮೀನು ವಾಪಸ್ಸು ಬರತೊಡಗಿತು. ಬ್ಯಾಂಕಿನಲ್ಲಿ ಬಡ್ಡಿ ಬೆಳೆಯುತ್ತಿತ್ತು.

ಹಳೇ ಕಿಟಕಿ ಪರದೆಯೊಂದನ್ನು ಅವಳು ಪೆಟ್ಟಿಗೆಯ ಮೇಲೆ ಇಳಿಬಿಟ್ಟು ನೋಡಿದಳು. ಹೂವಿನ ಚಿತ್ರದ ಪರದೆ. ಒಂದೆರಡು ಹಿತ್ತಿಲು ಮತ್ತೆ ತೆರೆದವು. ಆದರೆ ಹಿರಿಯೂರು ಬಸ್‌ಸ್ಟ್ಯಾಂಡಿನ ಹತ್ತಿರ ಆ ಆಫೀಸರೇ ಗಾಡಿಯನ್ನು ಕಂಡ. ಬಯ್ಯಲಿಲ್ಲ. ಪರದೆ ತೆಗೆದರೆ ಮಾತ್ರ ತನಗೆ ರಿಪೋರ್ಟು ಬರೆಯಲು ಬರುತ್ತದೆ, ಮಾರ್ಚಿ ಮುಗಿಯುವುದರೊಳಗೆ ಫೋಟೊ ಹೋಗದಿದ್ದರೆ ಈ ವರ್ಷದ ಹಣ ವಾಪಸ್ಸಾಗುತ್ತದೆ, ಮುಂದಿನ ವರ್ಷ ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕು ಎಂದ. ಬ್ಯಾಂಕಿನವರು ಮುಂದಿನ ವರ್ಷದ ತನಕ ಕಾಯುವವರಲ್ಲ. ಸೊಸೆ ಪರದೆ ಮಡಿಸಿ ನನ್ನ ಕೈಗೆ ಕೊಟ್ಟಳು.

ಇನ್ನೂ ಒಂದು ಇತ್ತು. ಗಾಡಿಯೊಂದರದ್ದೇ ಫೋಟೊ ಆಗುವುದಿಲ್ಲ, ಗಿರಾಕಿಗಳು ನಿಂತು ಕೊಳ್ಳುತ್ತಿರಬೇಕು. ಯಾವುದೋ ಕಡೆ ಇಂಥ ಗಾಡಿ ತೆಗೆದುಕೊಂಡು ಹುಲ್ಲು ಹೇರುತ್ತಿದ್ದರಂತೆ, ಅದಕ್ಕೆ ಈ ಕಟ್ಟು. ಅದೂ ನ್ಯಾಯವೇ. ದೊಡ್ಡಮನೆಯ ಊರಿನಲ್ಲಿ ತನಗೆ ಬೇರೆ ಕೆಲಸವೂ ಇದೆ, ನಾಳಿದ್ದು ಹೊತ್ತೇರಿದ ಮೇಲೆ ಅಲ್ಲಿಗೆ ಬರುತ್ತೇನೆ, ಗಾಡಿ ತನ್ನಿ ಎಂದು ಹೇಳಿ ಅವನು ಹೋದ.

ಈರುಳ್ಳಿ ಕೀಳುವ ಕಾಲ. ಎದುರು ಬಾಗಿಲ ಮನೆಯವರೆಲ್ಲ ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿರುತ್ತಾರೆ. ಆ ಹೊತ್ತಿನಲ್ಲಿ ಊರಿನಲ್ಲಿ ಇರುವ ಹೆಂಗಸರೆಂದರೆ ಹಿತ್ತಿಲ ಬಾಗಿಲವರು ಮಾತ್ರ. ಒಂದು ದಿನದ ಕೂಲಿ ಬಿಟ್ಟು ಫೋಟೊಕ್ಕೆ ನಿಲ್ಲು ಎಂದು ಕೂಲಿಯವರನ್ನು ಕೇಳುವ ಮುಖ ನಮಗಿರಲಿಲ್ಲ. ಸೊಸೆ ಊಟ ಬಿಟ್ಟಳು. ಕುತ್ತಿಗೆ ಮುಟ್ಟಿಕೊಳ್ಳುವಳು, ಸರ ಇಲ್ಲದ್ದು ನೆನಪಾಗಿ ಕೈ ಇಳಿಸುವಳು. ನನಗೆ ನೋಡಲಾಗಲಿಲ್ಲ. ಮಾರನೇ ದಿನ ಬುಟ್ಟಿ ಇಲ್ಲದೆ ಬಸ್ಸು ಹತ್ತಿ ದೊಡ್ಡಮನೆಯ ಕೊಟ್ಟಿಗೆಗೆ ಹೋಗಿ ಕೆಮ್ಮಿದೆ.

"ಏನೇ, ಬರಿಗೈಯಾಗೆ ಬಂದಿದ್ದೀಯ" ಎಂದರು ಅಮ್ಮ.

ನಾನು ವಿಷಯ ಹೇಳಿದೆ. ಅವರು ಹಸುವಿನ ಮೈ ಉಜ್ಜುತ್ತಿದ್ದವರು ಕೈ ನಿಲ್ಲಿಸಿದರು.

"ನಾನು ಬಂದು ಆ ಗಾಡಿ ಮುಂದೆ ನಿಂತ್ಕಬೇಕಾ?"

"ಬೆನ್ನು ಮಾಡಿ ನಿಂತ್ಕಳ್ರಿ ಅಮ್ಮ. ತಲೆ ತುಂಬ ಸೆರಗು ಹೊದ್ಕಳ್ರಿ."

"ನನ್ನ ಬೆನ್ನು ಈ ಊರಾಗೆ ಯಾರಿಗೆ ಗೊತ್ತಿಲ್ಲ ಹೇಳು. ನಿನ್ನತ್ರ ನಾನು ಏನು ತಗಂಡಿದ್ದೀನಿ? ಬೆಕ್ಕಿಗೆ ಒಂದು ತುಣುಕು."

"ಬೆಕ್ಕಿಗೇ ಅಂತ ನಿಂತ್ಕಳ್ರಿ."

ಅವರಿಗೆ ನಗು ಬಂತು, ತಡೆದುಕೊಂಡರು. ಆಮೇಲೆ ಮತ್ತೆ ಹಸುವಿನ ಮೈ ಉಜ್ಜತೊಡಗಿದರು. ಕೊನೆಗೆ, ನೀನು ಇದನ್ನ ಕೇಳಬಾರದಿತ್ತು ಎಂದರು. ನನಗೆ ಸಿಟ್ಟು ಬರಲಿಲ್ಲ, ಅವರು ಹೇಳಿದ್ದು ಸರಿ. ಇಷ್ಟು ವರ್ಷ ನಮ್ಮಿಬ್ಬರ ನಡುವೆ ಇದ್ದದ್ದು ಕೇಳದೇ ಇರುವುದು ಒಂದೇ. ಅದನ್ನು ನಾನೇ ಮುರಿದಿದ್ದೆ. ಹೋಗಿ ಬರುತ್ತೇನೆ ಎಂದು ಎದ್ದೆ. ಮಂಡಿ ಹಿಡಿದುಕೊಂಡು ಏಳುವುದು ನನಗೆ ತಡವಾಗುತ್ತದೆ. ಆ ತಡದಲ್ಲಿ ಅವರ ಮನಸ್ಸಿಗೆ ಬೇರೆ ಏನೋ ಬಂತು.

"ಕುಂತ್ಕ" ಎಂದರು. "ನಮ್ಮ ಹೊಂಡದಾಗೆ ಅವೆ."

"ಏನು ಅವೆ?"

"ಅವೇ."

ನನಗೆ ಹೊಳೆಯಲಿಲ್ಲ. ಅವರು ಕೈ ಅಲ್ಲಾಡಿಸಿ ಈಜುವಂತೆ ತೋರಿಸಿದರು. ಆ ಮನೆಯಲ್ಲಿ ಆ ಹೆಸರನ್ನು ಯಾವತ್ತೂ ಬಾಯಿಂದ ಆಡಿದವರಲ್ಲ.

ಬಿಡಿಸಿ ಬಿಡಿಸಿ ಕೇಳಿದ ಮೇಲೆ ತಿಳಿದದ್ದು ಇಷ್ಟು. ಯಜಮಾನರು ತೋಟದಲ್ಲಿ ಕೃಷಿ ಹೊಂಡ ತೆಗೆಸಿದ್ದರು, ಅದಕ್ಕೂ ಸಬ್ಸಿಡಿ. ಅದರ ಜೊತೆಗೇ ಹೊಂಡದಲ್ಲಿ ಮೀನು ಸಾಕಿದರೆ ಇನ್ನೊಂದು ಸಬ್ಸಿಡಿ ಇದೆ ಎಂದು ಯಾರೋ ಹೇಳಿದರು. ಯಜಮಾನರು ಸಬ್ಸಿಡಿ ಎಂಬುದನ್ನು ಕೇಳಿಸಿಕೊಂಡರು, ಮೀನು ಎಂಬುದನ್ನು ಕೇಳಿಸಿಕೊಳ್ಳಲಿಲ್ಲ. ಸಹಿ ಹಾಕಿದರು. ಮಳೆಗಾಲದಲ್ಲಿ ಇಲಾಖೆಯವರು ಪ್ಲಾಸ್ಟಿಕ್ ಚೀಲದಲ್ಲಿ ಮರಿ ತಂದು ಬಿಟ್ಟು ಹೋದರು. ಬೆರಳುಗುರಿನಷ್ಟು ಇದ್ದವು, ಸತ್ತುಹೋಗುತ್ತವೆ ಎಂದುಕೊಂಡರು. ಸಾಯಲಿಲ್ಲ. ಹೊಂಡದ ದಡದಲ್ಲಿ ಸಿಮೆಂಟಿನ ಬೋರ್ಡು ಬೇರೆ ನೆಟ್ಟರು, ಯಜಮಾನರ ಹೆಸರು, ಅದರ ಕೆಳಗೆ ಮೀನು ಸಾಕಾಣಿಕೆ ಎಂದು ಬರೆದು. ಈಗ ಬೇಸಿಗೆಗೆ ನೀರು ಇಳಿದಿದೆ, ಬೆಳೆದ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ, ಕೊಕ್ಕರೆ ಇಳಿಯುತ್ತವೆ. ನಾಳೆ ಆಫೀಸರು ಬರುವುದು ಅದನ್ನೇ ನೋಡಲು. ಹಿಡಿದ ಮೀನಿನ ಜೊತೆ ಯಜಮಾನರು ಫೋಟೊಕ್ಕೆ ನಿಲ್ಲಬೇಕು, ಇಲ್ಲದಿದ್ದರೆ ಉಳಿದ ಹಣ ಬಿಡುಗಡೆಯಾಗುವುದಿಲ್ಲ. ಹಿಡಿಯುವವರು ಯಾರು? ಆಳುಗಳಿಗೆ ಹೇಳಿದರೆ ಹೋಟೆಲಿನ ತನಕ ಸುದ್ದಿ. ಯಜಮಾನರು ಯಾರನ್ನು ಕೇಳುವುದು, ಯಾವ ಬಾಯಲ್ಲಿ ಕೇಳುವುದು ಎಂದು ತಿಳಿಯದೆ ಮೂರು ಹೊತ್ತೂ ಮುಖ ಊದಿಸಿಕೊಂಡು ಕೂತಿದ್ದಾರೆ.

"ನೀನು ಎದುರು ಬಾಗಿಲಿಗೆ ಹೋಗು" ಎಂದರು ಅಮ್ಮ. "ನೀನಾಗೇ ಕೇಳ್ಕಂಡು ಬಂದಂಗೆ ಇರಲಿ. ನಾನು ನಿನ್ನ ನೋಡೇ ಇಲ್ಲ."

ಹಿತ್ತಿಲಿನಿಂದ ಹೊರಬಿದ್ದು, ಓಣಿ ಸುತ್ತಿ, ಅರಳಿಕಟ್ಟೆ ಬಳಸಿ, ಎದುರು ಬಾಗಿಲಿಗೆ ಬಂದೆ. ಆ ಮನೆಯ ಮುಂದಿನ ಮೆಟ್ಟಿಲು ನಾನು ಹತ್ತಿರದಿಂದ ನೋಡಿದ್ದು ಅವತ್ತೇ ಮೊದಲು. ಯಜಮಾನರು ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಯಾರು ಎಂದರು. ಹಿನ್ನೀರಿನ ಕಡೆಯವಳು, ಹೊಂಡದ ಬೋರ್ಡು ನೋಡಿ ಬಂದೆ, ಮಗ ಬಲೆ ಬಿಡುತ್ತಾನೆ, ಸೊಸೆಗೆ ಗಾಡಿ ಇದೆ, ಕೊಡುವುದಾದರೆ ಅಲ್ಲೇ ಹಿಡಿದು ಅಲ್ಲೇ ತೂಗಿ ಅಲ್ಲೇ ದುಡ್ಡು ಕೊಟ್ಟು ಹೋಗುತ್ತೇವೆ ಎಂದೆ. ಪಕ್ಕದ ಅವರದೇ ಹೊಲದಲ್ಲಿ ಈರುಳ್ಳಿ ಕೀಳುವ ಹೆಂಗಸರು ಬುತ್ತಿ ಬಿಚ್ಚುವ ಹೊತ್ತಿಗೆ ಬಂದು ಕೊಂಡುಕೊಳ್ಳಲಿ, ಆಫೀಸರಿಗೆ ತೋರಿಸಲು ಗಿರಾಕಿಗಳ ಫೋಟೊ ನಮಗೆ ಬೇಕು ಎಂದೆ. ಸುಳ್ಳು ಹೇಳಲಿಲ್ಲ, ಬೋರ್ಡು ನೋಡಿ ಬಂದೆ ಎಂಬುದು ಬಿಟ್ಟರೆ.

ಯಜಮಾನರು ಬಹಳ ಹೊತ್ತು ಜಗಿದರು. ಮನೆಯ ಪಾತ್ರೆ ಮುಟ್ಟಬಾರದು ಎಂದರು. ಮನೆಯ ಬಾವಿ ಹತ್ತಿರ ತೊಳೆಯಬಾರದು, ಊರೊಳಗೆ ತಂದು ಹರಡಬಾರದು ಎಂದರು. ಎಲ್ಲದಕ್ಕೂ ಆಗಲಿ ಎಂದೆ.

"ಹೊರಗೆ ಮಾತಾಡಬಾರದು."

"ನಾನು ಮಾತಾಡಿದ್ದು ಈ ಊರಾಗೆ ಯಾರಾದ್ರೂ ಕೇಳಿದ್ದಾರಾ ಯಜಮಾನ್ರೆ?"

ಅವರು ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ನೋಡಿದರು. ಅಷ್ಟರಲ್ಲಿ ಅಮ್ಮ ಒಳಗಿನಿಂದ ಒಂದು ಚೊಂಬು ನೀರು ತಂದರು.

"ಯಾವೂರವ್ವ ನಿಂದು?" ಎಂದು ಕೇಳಿದರು.

ಊರು ಹೇಳಿದೆ. ಎಷ್ಟು ಜನ ಮಕ್ಕಳು ಎಂದು ಕೇಳಿದರು, ಅದನ್ನೂ ಹೇಳಿದೆ. ನನ್ನ ಮಗನ ಬಾಣಂತನಕ್ಕೆ ಬೆಲ್ಲ ಕೊಟ್ಟವರು ಅವರು.

ಮಾರನೇ ದಿನ ಮಗ ಬಲೆ ತಂದ. ಹೊಂಡದ ತಳಕ್ಕೆ ಹಾಸಿದ ಪ್ಲಾಸ್ಟಿಕ್ ಹರಿಯದಂತೆ ಬರಿಗಾಲಿನಲ್ಲಿ ಇಳಿದು, ಒಂದು ಮೂಲೆಯಿಂದ ಎಳೆದ. ಯಜಮಾನರು ದೂರದಲ್ಲಿ ತೆಂಗಿನ ಮರಕ್ಕೆ ಒರಗಿ ನಿಂತಿದ್ದರು, ಬಲೆ ಮೇಲೆ ಬಂದಾಗ ತಿಳಿಯದೆ ನಾಲ್ಕು ಹೆಜ್ಜೆ ಮುಂದೆ ಬಂದರು. ಯಾರಿಗಾದರೂ ಹಾಗೇ ಆಗುತ್ತದೆ. ಮೀನು ಬೆಳ್ಳಗೆ ಒದ್ದಾಡುವುದನ್ನು ನೋಡಿದರೆ ಕಾಲು ತಾನಾಗಿ ಹೋಗುತ್ತದೆ. ಸೊಸೆ ಗಾಡಿಯನ್ನು ಬದುವಿನ ಮೇಲೆ ನಿಲ್ಲಿಸಿ ತಕ್ಕಡಿ ಹಿಡಿದಳು. ಈರುಳ್ಳಿ ಹೊಲದ ಹೆಂಗಸರು ಮಣ್ಣುಗೈಯಲ್ಲೇ ಬಂದರು. ದೊಡ್ಡಮನೆಯ ತೋಟದಲ್ಲಿ ಮೀನು ಮಾರುತ್ತಾರೆ ಎಂದರೆ ನಂಬದೆ ನೋಡಲು ಬಂದವರೇ ಹೆಚ್ಚು.

"ಹೊಂಡದ್ದಾ? ಪೂಜೆ ಮಾಡಿದ ಮೀನು ಕಣ್ರೇ ಇವು, ಮಡಿ ಉಟ್ಕಂಡು ಬೇಯಿಸ್ರಿ" ಎಂದು ಒಬ್ಬಳು ಯಜಮಾನರಿಗೆ ಕೇಳಿಸದಂತೆ ಹೇಳಿದಳು.

ಆಫೀಸರು ಹೆಲ್ಮೆಟ್ಟು ಕಳಚಿ ಫೋಟೊ ಹಿಡಿದ. ಸೊಸೆ ತೂಗುತ್ತಿರುವುದು, ಹೆಂಗಸರು ಸೆರಗು ಒಡ್ಡಿರುವುದು, ಪೆಟ್ಟಿಗೆಯ ಮೇಲೆ ಅವಳ ಹೆಸರು, ಎಲ್ಲ ಬಂತು. ಫೋಟೊ ಎಲ್ಲಿ ಹಿಡಿದದ್ದು ಎಂದು ಅವನ ಫೋನೇ ಬರೆದುಕೊಳ್ಳುತ್ತದಂತೆ, ಜಾಗ ಊರಿನ ಎಲ್ಲೆಯೊಳಗೇ ಇದೆ ಎಂದು ಅದೂ ಒಪ್ಪಿತು. ಆಮೇಲೆ ಯಜಮಾನರ ಸರದಿ. ಮೀನನ್ನು ಕೈಯಲ್ಲಿ ಹಿಡಿದುಕೊಳ್ಳಿ ಎಂದ. ಯಜಮಾನರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿದರು. ಅವನು ಮತ್ತೊಮ್ಮೆ ಕೇಳಿದ. ಯಜಮಾನರು ಆಕಾಶ ನೋಡಿದರು. ಹಿಡಿಯದಿದ್ದರೆ ಅವರ ಹಣ ನಿಲ್ಲುತ್ತದೆ, ಅವರಿಗೆ ಸಿಟ್ಟು ಬಂದರೆ ನಮ್ಮ ಮೀನೂ ನಿಲ್ಲುತ್ತದೆ, ಯಾರೂ ಏನೂ ಮಾಡುವಂತಿಲ್ಲ. ಆಗ ಸೊಸೆ ಒಂದು ಕೆಲಸ ಮಾಡಿದಳು. ಮೀನನ್ನು ಪ್ಲಾಸ್ಟಿಕ್ ಕ್ರೇಟಿಗೆ ಹಾಕಿ ಒಂದು ಕಡೆಯ ಹಿಡಿ ತಾನು ಹಿಡಿದು, ಇನ್ನೊಂದು ಕಡೆಯದನ್ನು ಅವರ ಮುಂದೆ ಚಾಚಿದಳು.

"ಮೀನು ಮುಟ್ಟಬ್ಯಾಡ್ರಿ ಅಪ್ಪಾರೆ. ಕ್ರೇಟು ಹಿಡ್ಕಳ್ರಿ ಸಾಕು, ಭಾರ ನಾನು ಹೊರ್ತೀನಿ."

ಅವರು ಎರಡು ಬೆರಳಿನಲ್ಲಿ ಅಂಚು ಹಿಡಿದರು. ನಗ್ರಿ ಸಾರ್ ಎಂದ ಆಫೀಸರು, ಅದೊಂದು ಆಗಲಿಲ್ಲ. ಆ ಫೋಟೊ ಈಗಲೂ ಸೊಸೆಯ ಫೋನಿನಲ್ಲಿದೆ. ಈ ಕಡೆ ಸೊಸೆ, ಆ ಕಡೆ ಹಲ್ಲುನೋವು ಬಂದವರಂತೆ ಯಜಮಾನರು, ಹಿಂದೆ ಅವರ ಬೋರ್ಡು, ಅದರ ಪಕ್ಕದಲ್ಲಿ ನಮ್ಮ ಕೆಂಪು ಮೀನು.

ಹಣ ಬರುವುದು ತಡವಾಯಿತು, ಆದರೆ ಬಂತು. ಸೊಸೆ ಅವತ್ತೇ ಬ್ಯಾಂಕಿಗೆ ಹೋಗಿ ಸರ ಬಿಡಿಸಿಕೊಂಡು, ಕುತ್ತಿಗೆಗೆ ಹಾಕಿಕೊಂಡೇ ಮನೆಗೆ ಬಂದಳು. ಮೀನು ಹೆರೆಯುವಾಗ ಅಡ್ಡ ಬರುತ್ತದೆ ಎಂದು ಮಾರನೇ ದಿನ ತೆಗೆದು ಪೆಟ್ಟಿಗೆಯಲ್ಲಿಟ್ಟಳು.

ಅವಳ ದಾರಿ ಈಗ ಬೇರೆ. ಊರೊಳಗೆ ಹೋಗುವುದು ಕಡಿಮೆ, ಹೊಲಗಳ ಕಡೆ ಹೋಗುತ್ತಾಳೆ, ಕೆಲಸ ಬಿಡುವ ಹೊತ್ತಿಗೆ ಬದುವಿನ ಮೇಲೆ ನಿಲ್ಲುತ್ತಾಳೆ. ದೊಡ್ಡಮನೆಯ ಫೋಟೊ ಸುದ್ದಿಯಾದ ಮೇಲೆ ಹೊಂಡ ಇರುವ ಇನ್ನೂ ಕೆಲವರು ಅವಳಿಗೆ ಫೋನು ಮಾಡಿದರು. ಆ ಮನೆಗಳ ಎದುರಿಗೇ ಗಾಡಿ ನಿಲ್ಲುತ್ತದೆ. ಮಾರುವುದಕ್ಕೆ ನಾಚಿಕೆ ಇಲ್ಲ, ಅದು ತೆಂಗು ಮಾರಿದಂತೆ, ಬೆಳೆ. ಕೊಳ್ಳುವುದಕ್ಕೆ ಮಾತ್ರ ನಾಚಿಕೆ. ಹೊಂಡದಿಂದ ಎದುರು ಬಾಗಿಲಲ್ಲಿ ಹೊರಗೆ ಹೋದ ಮೀನು ನನ್ನ ಬುಟ್ಟಿಯಲ್ಲಿ ಹಿತ್ತಿಲಿನಿಂದ ಒಳಗೆ ಬಂದದ್ದೂ ಉಂಟು. ತಮ್ಮ ಹೊಂಡದ ಮೀನನ್ನೇ ದೊಡ್ಡಮನೆಯ ಅಮ್ಮ ದುಡ್ಡು ಕೊಟ್ಟು ಕೊಂಡರು, ಚೌಕಾಸಿ ಇಲ್ಲದೆ.

ನಾನು ಇದನ್ನು ಯೋಚನೆ ಮಾಡುತ್ತಿರುತ್ತೇನೆ. ಒಂದೇ ಸರ್ಕಾರ, ಒಂದೇ ಥರದ ಬೋರ್ಡು. ನಮ್ಮ ಪೆಟ್ಟಿಗೆಯ ಮೇಲೆ ಬಂದು ಕೂತು ನಮ್ಮ ಗಿರಾಕಿಗಳ ಮರೆಯನ್ನು ಕಿತ್ತುಕೊಂಡಿತು, ಯಜಮಾನರ ಹೊಂಡದ ಮೇಲೆ ನಿಂತು ಅವರಿಗೆ ಮರೆಯಾಯಿತು. ಮೀನು ಎನ್ನಲು ಅವರಿಗೆ ಸರ್ಕಾರದ ಕಾಗದ ಸಿಕ್ಕಿತು. ಹೊಂಡ ಇಲ್ಲದ ಸಣ್ಣ ಹಿತ್ತಿಲುಗಳಿಗೆ ಏನೂ ಸಿಗಲಿಲ್ಲ. ಅಲ್ಲಿಗೆ ಇನ್ನೂ ನಾನೇ ನಡೆದು ಹೋಗುತ್ತೇನೆ, ಮಂಡಿ ಬಿಟ್ಟ ದಿನ ಹೋಗುತ್ತೇನೆ, ಬಿಡದ ದಿನ ಇಲ್ಲ. ಸೊಸೆ ಆ ಮನೆಗಳಿಗೆ ಹೋಗುವುದಿಲ್ಲ, ಹೋಗು ಎಂದು ನಾನೂ ಹೇಳುವುದಿಲ್ಲ. ನಾನು ನಿಂತ ಮೇಲೆ ಅವರು ತಿನ್ನುವುದೂ ನಿಲ್ಲುತ್ತದೆ. ಯಾವ ಯೋಜನೆಯಲ್ಲೂ ಅವರ ಲೆಕ್ಕ ಇಲ್ಲ, ಅವರೂ ಲೆಕ್ಕಕ್ಕೆ ಬರಲು ಒಪ್ಪುವವರಲ್ಲ.

ಈ ಸಲ ಮಳೆ ಬಂದು ಹೊಂಡ ತುಂಬಿದ ಮೇಲೆ ಯಜಮಾನರು ನನಗೆ ಹೇಳಿಕಳಿಸಿದರು. ಎದುರು ಬಾಗಿಲಿಗೇ ಹೋದೆ. ಮರಿ ಬಿಡಿಸಬೇಕು, ಇಲಾಖೆಯವರು ಯಾವುದು ಬೇಕೆಂದು ಕೇಳಿದ್ದಾರೆ, ನಿನಗೆ ಗೊತ್ತಿರುತ್ತದಲ್ಲ ಎಂದರು. ಅಮ್ಮ ಹೊಸ್ತಿಲ ಒಳಗೆ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದರು. ಯಾವುದಾದರೂ ಬಿಡಿಸಿ, ನಮಗೇನು ತಿಳಿಯುತ್ತದೆ ಅದರಲ್ಲಿ ಎಂದರು, ಕತ್ತೆತ್ತದೆ. ಹಿರಿಯೂರಿನಲ್ಲಿ ರೋಹುಗೆ ಒಳ್ಳೇ ಬೆಲೆ, ಅದನ್ನೇ ಕೇಳಿ ಎಂದು ನಾನು ಹೇಳಿದೆ.

ಯಜಮಾನರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಿದ್ದರು.

"ರೋಹು ಬ್ಯಾಡ" ಎಂದರು. "ಸಣ್ಣ ಮುಳ್ಳು ಜಾಸ್ತಿ. ಕಾಟ್ಲಾ ಬಿಡ್ಸು."

ಕಾಯಿ ಸುಲಿಯುತ್ತಿದ್ದ ಕೈ ನಿಂತಿತು. ಯಜಮಾನರು ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸಿದರು. ಆಗಲಿ ಎಂದು ಹೇಳಿ ನಾನು ಎದ್ದೆ.